ದಾವಣಗೆರೆಯಲ್ಲಿ ಕೂತು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡೋರಿಗೆ: ಶುರುವಿನ ಖರ್ಚೆಷ್ಟು, ವರ್ಷದ ಖರ್ಚೆಷ್ಟು, ದಂಡ ಎಲ್ಲೆಲ್ಲಿ ಬೀಳುತ್ತೆ

"ಅಣ್ಣಾ, ಪ್ಯಾಕೇಜ್ ರೇಟಲ್ಲಿ ಆರು ಸಾವಿರಕ್ಕೆ ಕಂಪನಿ ಮಾಡ್ಸಿದ್ವಿ, ಎರಡು ವರ್ಷ ಆಯ್ತು, ವ್ಯಾಪಾರನೇ ಶುರುವಾಗಿಲ್ಲ, ಈಗ ನೋಡಿದ್ರೆ ಲಕ್ಷದ ಮೇಲೆ ಕಟ್ಬೇಕು ಅಂತಾರೆ, ಇದೇನು ಮೋಸನಾ?" ಹೀಗೆ ಕೇಳ್ಕೊಂಡು ಬರೋರು ಜಾಸ್ತಿ ಆಗ್ಯಾರೆ. ಮೋಸ ಅಲ್ಲ ಕಣಪ್ಪಾ. ಆರು ಸಾವಿರ ಹುಟ್ಸೋ ಖರ್ಚು, ಸಾಕೋ ಖರ್ಚು ಬೇರೆ, ಅದನ್ನ ಆ ಪ್ಯಾಕೇಜಿನೋರು ಹೇಳಿಲ್ಲ, ನೀವೂ ಕೇಳಿಲ್ಲ. ನಾನು ನಮ್ಮ ಭಾವ ಸೇರ್ಕೊಂಡು ಶೇಂಗಾ ಎಣ್ಣೆ ಪ್ಯಾಕಿಂಗಿಗೆ ಕಂಪನಿ ಮಾಡ್ದಾಗ ನಾವೂ ಇದೇ ಹಳ್ಳಕ್ಕೆ ಬಿದ್ದಿದ್ವಿ, ಅದನ್ನ ಮುಂದೆ ಹೇಳ್ತೀನಿ. ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡ್ರಿ, ಹಿಂದುಮುಂದು ಮಾಡಿದ್ರೆ ದುಡ್ಡು ಎರಡೆರಡು ಸಲ ಹೋಗುತ್ತೆ.

## ಶುರು ಮಾಡೋಕ್ಮುಂಚೆ ಕೈಲಿ ಇರಬೇಕಾದ್ದು

ಇಬ್ಬರು ಬೇಕು, ಇಬ್ಬರೂ ಡೈರೆಕ್ಟರೂ ಹೌದು ಷೇರುದಾರರೂ ಹೌದು ಆದ್ರೆ ನಡೆಯುತ್ತೆ, ಅವರಲ್ಲಿ ಒಬ್ಬರಾದ್ರೂ ವರ್ಷದಲ್ಲಿ 182 ದಿನ ಇಂಡಿಯಾದಲ್ಲಿ ಇರೋರಾಗಿರಬೇಕು. ಇಬ್ಬರದ್ದೂ ಪ್ಯಾನ್, ಆಧಾರ್, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್, ಫೋಟೋ, ಎರಡು ತಿಂಗಳೊಳಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಫೋನ್ ಬಿಲ್. ಆಫೀಸ್ ವಿಳಾಸಕ್ಕೆ ಎರಡು ತಿಂಗಳೊಳಗಿನ ಬೆಸ್ಕಾಂ ಬಿಲ್, ಜಾಗದ ಮಾಲೀಕರಿಂದ ಒಪ್ಪಿಗೆ ಪತ್ರ, ಬಾಡಿಗೆ ಆದ್ರೆ ಕರಾರು ಪತ್ರ. ಒಂದು ಲ್ಯಾಪ್‌ಟಾಪು. ಆಮೇಲೆ ಹೊಸ ಸಿಮ್ ಒಂದು, ಹೊಸ ಇಮೇಲ್ ಒಂದು, ಇವು ಕಂಪನಿಗಂತಲೇ. ಇದು ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತೆ.

ಬೆಂಗಳೂರಿಗೆ ಒಂದು ಸಲಾನೂ ಹೋಗೋ ಅಗತ್ಯ ಇಲ್ಲ. ಎಲ್ಲಾ ಎಂಸಿಎ, ಅಂದ್ರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಲ್ಲೇ ಆಗೋದು. "ಕೋರಮಂಗಲದ ಆರ್‌ಒಸಿ ಆಫೀಸಿಗೆ ಹೋಗಿ ಬರೋ ಖರ್ಚು" ಅಂತ ಯಾರಾದ್ರೂ ಬಿಲ್ಲಲ್ಲಿ ಬರೆದಿದ್ರೆ (ಆರ್‌ಒಸಿ ಅಂದ್ರೆ ಕಂಪನಿಗಳ ರಿಜಿಸ್ಟ್ರಾರ್) ಯಾತಕ್ಕೆ ಹೋಗಿದ್ರಿ ಅಂತ ಕೇಳ್ರಿ.

## ಹಂತ 1: ನಿಮಗೆ ಕಂಪನಿನೇ ಬೇಕಾ ಅಂತ ಮೊದಲು ತೀರ್ಮಾನ ಮಾಡ್ರಿ

ಒಬ್ರೇ ಮಾಡೋ ಅಂಗಡಿ, ಮಂಡಕ್ಕಿ ಖಾರದ ಪ್ಯಾಕಿಂಗು, ಟೈಲರಿಂಗ್ ಯೂನಿಟ್ಟು, ಇಂಥದ್ದಕ್ಕೆ ಪ್ರೊಪ್ರೈಟರ್‌ಶಿಪ್ ಸಾಕು. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ) ಮಾಡ್ಸ್ಕೊಳ್ರಿ, ಅದು ಪೂರ್ತಿ ಫ್ರೀ, ದುಡ್ಡು ಕೇಳೋ ವೆಬ್‌ಸೈಟ್ ಎಲ್ಲಾ ಏಜೆಂಟ್‌ಗಳದ್ದು. ಜಿಎಸ್‌ಟಿ ಬೇಕಾದ್ರೆ ತಗೊಳ್ರಿ, ಅದಕ್ಕೂ ಸರ್ಕಾರದ ಫೀಸಿಲ್ಲ.

ಇಬ್ಬರು ಪಾಲುದಾರರಿದ್ದು ಜವಾಬ್ದಾರಿ ಸೀಮಿತ ಇರಬೇಕು ಅನ್ನೋದಾದ್ರೆ ಎಲ್‌ಎಲ್‌ಪಿ, ಅಂದ್ರೆ ಸೀಮಿತ ಜವಾಬ್ದಾರಿಯ ಪಾಲುದಾರಿಕೆ ಸಂಸ್ಥೆನೂ ಒಂದು ಐತೆ, ಇದನ್ನ ಸುಮಾರು ಜನ ಕೇಳೋದೇ ಇಲ್ಲ. ಎಲ್‌ಎಲ್‌ಪಿ ಕಾಯ್ದೆ ಪ್ರಕಾರ ವರ್ಷದ ವಹಿವಾಟು 40 ಲಕ್ಷ ದಾಟದಿದ್ರೆ, ಇಲ್ಲಾ ಪಾಲುದಾರರು ಹಾಕಿರೋ ಬಂಡವಾಳ 25 ಲಕ್ಷ ದಾಟದಿದ್ರೆ ಆಡಿಟ್ ಕಡ್ಡಾಯ ಇಲ್ಲ. ವರ್ಷಕ್ಕೆ ಮುಖ್ಯವಾಗಿ ಎರಡು ಫಾರಂ, ಮೇ 30ಕ್ಕೆ ಫಾರಂ 11, ಅಕ್ಟೋಬರ್ 30ಕ್ಕೆ ಫಾರಂ 8. ಇನ್ಕಮ್ ಟ್ಯಾಕ್ಸ್ ಮಾತ್ರ ಲಾಭದ ಮೇಲೆ ಸೀದಾ 30 ಪರ್ಸೆಂಟ್, ಮೇಲೆ ಸೆಸ್.

ಪ್ರೈವೇಟ್ ಲಿಮಿಟೆಡ್‌ಗೆ ಆ ರಿಯಾಯ್ತಿ ಇಲ್ಲ. ಒಂದು ರೂಪಾಯಿ ವ್ಯಾಪಾರ ಆಗದಿದ್ರೂ ಆಡಿಟ್ ಆಗಲೇಬೇಕು. ಒಬ್ಬರದ್ದೇ ಕಂಪನಿ ಅಂತ ಓಪಿಸಿ ಮಾಡಿದ್ರೂ ಆಡಿಟ್ ತಪ್ಪಲ್ಲ. ಹಾಗಾಗಿ ಹೊರಗಿನೋರು ಬಂಡವಾಳ ಹಾಕ್ತಾರೆ, ಷೇರು ಕೊಡಬೇಕು, ಇಲ್ಲಾ ದೊಡ್ಡ ಫ್ಯಾಕ್ಟರಿಯೋರು ಕಂಪನಿ ಇದ್ರೇನೇ ಆರ್ಡರ್ ಕೊಡೋದು ಅಂದಿದ್ದಾರೆ, ಇಂಥ ಗಟ್ಟಿ ಕಾರಣ ಇದ್ರೆ ಮಾತ್ರ ಇದಕ್ಕೆ ಕೈ ಹಾಕ್ರಿ. "ಸಾಲ ಆದ್ರೆ ನಮ್ಮ ಮನೆ ಮಠ ಉಳಿಯುತ್ತಲ್ಲ" ಅನ್ನೋ ಒಂದೇ ಕಾರಣಕ್ಕೆ ಮಾಡೋರು ಬ್ಯಾಂಕ್ ಮ್ಯಾನೇಜರನ್ನ ಒಂದು ಮಾತು ಕೇಳಿ ಬರ್ರಿ. ಸಣ್ಣ ಕಂಪನಿಗೆ ಸಾಲ ಕೊಡುವಾಗ ಡೈರೆಕ್ಟರ್‌ಗಳ ಪರ್ಸನಲ್ ಗ್ಯಾರಂಟಿ ಬರೆಸ್ಕೊಳ್ಳೋದು ಮಾಮೂಲು, ಅಲ್ಲಿ ಸೈನ್ ಹಾಕಿದ್ಮೇಲೆ ಆ ಸಾಲದ ಮಟ್ಟಿಗೆ ಲಿಮಿಟೆಡ್ ಅನ್ನೋದು ಬೋರ್ಡ್ ಮೇಲಷ್ಟೇ.

## ಹಂತ 2: ಹೆಸರು, ಇನಿಷಿಯಲ್, ಕರೆಂಟ್ ಬಿಲ್ ಸರಿ ಮಾಡ್ಕೊಳ್ರಿ

ನಮ್ಮ ಕಡೆ ಜನ ಮೊದಲು ಎಡವೋದು ಇಲ್ಲೇ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ "ಮಂಜುನಾಥ ಎಚ್.", ಆಧಾರಲ್ಲಿ "ಮಂಜುನಾಥ ಎಚ್ ಎಂ", ಪ್ಯಾನಲ್ಲಿ ಸರ್‌ನೇಮ್ ಬಿಡಿಸಿ ಬರೀಬೇಕು ಅಂತ "ಮಂಜುನಾಥ ಹನುಮಂತಪ್ಪ". ಮೂರೂ ಒಬ್ಬನೇ ಮನುಷ್ಯ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಾಗಲ್ಲ. ಪೋರ್ಟಲ್ಲು ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಎಲ್ಲಾ ಪ್ಯಾನ್ ಜೊತೆ ತಾಳೆ ನೋಡುತ್ತೆ. ಆದ್ದರಿಂದ ಪ್ಯಾನನ್ನೇ ಮೂಲ ಅಂತ ಇಟ್ಕೊಂಡು ಆಧಾರನ್ನ ಅದಕ್ಕೆ ಹೊಂದಿಸ್ರಿ. ಪ್ಯಾನೇ ತಪ್ಪಿದ್ರೆ ಮೊದಲು ಅದನ್ನ ತಿದ್ದಿಸ್ರಿ, ಖರ್ಚು ನೂರು ಚಿಲ್ರೆ, ಆದ್ರೆ ದಿನ ಹಿಡಿಯುತ್ತೆ. ಡಿಜಿಟಲ್ ಸಿಗ್ನೇಚರ್ ತಗೊಂಡ್ಮೇಲೆ ಹೆಸರು ತಿದ್ದಿಸಿದ್ರೆ ಸಿಗ್ನೇಚರ್ ಇನ್ನೊಂದು ಸಲ ಕೊಳ್ಬೇಕಾಗುತ್ತೆ.

ಎರಡನೇದು ಕರೆಂಟ್ ಬಿಲ್ಲು. ಮಂಡಿಪೇಟೆ ಕಡೆ ಹಳೇ ಅಂಗಡಿ, ಕೆಟಿಜೆ ನಗರದ ಹಳೇ ಮನೆ, ಮೀಟರ್ ಇನ್ನೂ ತಾತನ ಹೆಸರಲ್ಲೇ ಐತೆ, ತಾತ ತೀರ್ಕೊಂಡು ಹದಿನೈದು ವರ್ಷ. ಆ ಬಿಲ್ ಹಾಕಿದ್ರೆ ಒಪ್ಪಿಗೆ ಪತ್ರಕ್ಕೆ ಯಾರ ಸೈನ್ ಹಾಕಿಸ್ತೀರಿ? ನಮ್ಮ ಪರಿಚಯದೋರು ಒಬ್ರು ತಮ್ಮನ ಕೈಲಿ ಸೈನ್ ಹಾಕ್ಸಿ ಅಪ್‌ಲೋಡ್ ಮಾಡಿ, ಬಿಲ್ಲಲ್ಲಿರೋ ಹೆಸರು ಬೇರೆ ಪತ್ರದಲ್ಲಿರೋ ಹೆಸರು ಬೇರೆ ಅಂತ ಅರ್ಜಿ ವಾಪಸ್ ಬಂತು. ಬೆಸ್ಕಾಂನಲ್ಲಿ ಹೆಸರು ವರ್ಗಾವಣೆ ಮಾಡ್ಸಿ ಹೊಸ ಬಿಲ್ ಬಂದ್ಮೇಲೆ ಶುರು ಮಾಡೋದೇ ಸಲೀಸು. ಮನೆ ವಿಳಾಸನೇ ರಿಜಿಸ್ಟರ್ಡ್ ಆಫೀಸ್ ಮಾಡಬಹುದು, ತಪ್ಪೇನಿಲ್ಲ, ಬಾಡಿಗೆ ಉಳಿಯುತ್ತೆ.

## ಹಂತ 3: ಡಿಜಿಟಲ್ ಸಿಗ್ನೇಚರ್

ಫಾರಂಗಳಿಗೆ ಆನ್‌ಲೈನಲ್ಲಿ ಸಹಿ ಹಾಕೋಕೆ ಇದು ಬೇಕು. ಕ್ಲಾಸ್ 3 ಸರ್ಟಿಫಿಕೇಟ್, ಯುಎಸ್‌ಬಿ ಟೋಕನ್ (ಪೆನ್‌ಡ್ರೈವ್ ಥರದ್ದು) ಸಮೇತ, ಎರಡು ವರ್ಷಕ್ಕೆ ಒಬ್ಬರಿಗೆ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ. ಇಬ್ಬರಿಗೂ ಬೇಕು. ಓಟಿಪಿ, ಮೊಬೈಲಲ್ಲಿ ಒಂದು ಸಣ್ಣ ವಿಡಿಯೋ, ಅಷ್ಟೇ ಕೆಲಸ.

ಎರಡು ವರ್ಷ ಆದ್ಮೇಲೆ ಮತ್ತೆ ಇದೇ ಖರ್ಚು ಬರುತ್ತೆ ಅಂತ ಈಗ್ಲೇ ಬರೆದಿಟ್ಕೊಳ್ರಿ. ಟೋಕನ್ ನಿಮ್ಮ ಮನೆ ಬೀರುವಲ್ಲಿರ್ಲಿ. "ನಮ್ಮ ಹತ್ರಾನೇ ಇರ್ಲಿ ಸಾರ್, ಫೈಲಿಂಗಿಗೆ ಅನುಕೂಲ" ಅಂದ್ರೆ ಒಪ್ಪಬೇಡ್ರಿ, ಅದು ನಿಮ್ಮ ಸಹಿ, ಖಾಲಿ ಚೆಕ್ಕಿಗೆ ಸೈನ್ ಹಾಕಿ ಕೊಟ್ಟಂಗೆ.

## ಹಂತ 4: ಹೆಸರು ಹಿಡಿಯೋದು

ಸ್ಪೈಸ್ ಪ್ಲಸ್ ಅನ್ನೋ ಕಂಪನಿ ನೋಂದಣಿ ಫಾರಂನ ಪಾರ್ಟ್ ಎ. ಫೀಸು 1,000 ರೂಪಾಯಿ. ಎರಡು ಹೆಸರು ಕೊಡಬಹುದು. ಎರಡೂ ತಿರಸ್ಕಾರ ಆಗಿ, ರೀಸಬ್‌ಮಿಟ್‌ಗೆ ಕೊಟ್ಟ ಅವಕಾಶದಲ್ಲೂ ಆಗ್ಲಿಲ್ಲ ಅಂದ್ರೆ ಆ ಸಾವಿರ ಹೋಯ್ತು, ಹೊಸದಾಗಿ ಕಟ್ಬೇಕು.

ತಿರಸ್ಕಾರ ಆಗೋದು ಯಾಕಂದ್ರೆ ನಾವು ಇಡೋ ಹೆಸರು ಎಲ್ಲರೂ ಇಡೋ ಹೆಸರು. ಶ್ರೀ ಅಂತ ಶುರು, ಮಧ್ಯ ಊರ ದೇವರು, ಕೊನೆಗೆ ಟ್ರೇಡರ್ಸ್ ಇಲ್ಲಾ ಎಂಟರ್‌ಪ್ರೈಸಸ್. ಇಡೀ ದೇಶದಲ್ಲಿ ಆ ಹೆಸರಿಗೆ ಹತ್ತಿರದ್ದು ಇರಬಾರ್ದು, ಬರೀ ದಾವಣಗೆರೆಯಲ್ಲಿ ಅಲ್ಲ. ಮೊದಲು ಎಂಸಿಎ ಪೋರ್ಟಲ್‌ನ ಹೆಸರು ಹುಡುಕೋ ಪೇಜಲ್ಲಿ ನೋಡ್ರಿ, ಆಮೇಲೆ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚಲ್ಲಿ ನಿಮ್ಮ ಮಾಲಿನ ಕ್ಲಾಸಲ್ಲಿ ನೋಡ್ರಿ, ಎಣ್ಣೆ ಆದ್ರೆ ಕ್ಲಾಸ್ 29. ಕಂಪನಿ ಹೆಸರು ಸಿಕ್ಕು ಟ್ರೇಡ್‌ಮಾರ್ಕ್ ಇನ್ನೊಬ್ಬರದ್ದಾಗಿದ್ರೆ ಮುಂದೆ ಲೇಬಲ್, ಡಬ್ಬಿ, ಬೋರ್ಡು ಎಲ್ಲಾ ಬದಲಾಯಿಸೋ ಖರ್ಚು ಬರುತ್ತೆ. ನೀವೇ ಕಟ್ಟಿದ ಒಂದು ಪದ, ಅದರ ಪಕ್ಕ ಕೆಲಸ ಹೇಳೋ ಒಂದು ಪದ, ಈ ಥರ ಇದ್ರೆ ಬೇಗ ಸಿಗುತ್ತೆ.

ಹೆಸರು ಸಿಕ್ಕ ದಿನದಿಂದ 20 ದಿನ ಮಾತ್ರ ಅದು ನಿಮ್ಮದು. ಅಷ್ಟರಲ್ಲಿ ಮುಂದಿನ ಫಾರಂ ಹಾಕಬೇಕು. ಹಂತ 2 ಮುಗಿಸ್ದೆ ಇಲ್ಲಿಗೆ ಬರಬೇಡ್ರಿ ಅಂದಿದ್ದು ಇದಕ್ಕೇನೇ, ಆಧಾರ್ ತಿದ್ದುಪಡಿಗೆ ಕಾಯ್ತಾ ಕೂತ್ರೆ ಇಪ್ಪತ್ತು ದಿನ ಮುಗಿದೇ ಹೋಗುತ್ತೆ.

## ಹಂತ 5: ಕಂಪನಿ ಹುಟ್ಟೋ ಫಾರಂ

ಸ್ಪೈಸ್ ಪ್ಲಸ್‌ನ ಪಾರ್ಟ್ ಬಿ, ಮೆಮೊರಾಂಡಮ್ಮು (ಕಂಪನಿ ಏನು ಮಾಡುತ್ತೆ ಅನ್ನೋ ಪತ್ರ), ಆರ್ಟಿಕಲ್ಸು (ಕಂಪನಿ ಒಳಗಿನ ನಿಯಮಗಳು), ಜೊತೆಗೆ ಜಿಎಸ್‌ಟಿ, ಪಿಎಫ್, ಬ್ಯಾಂಕ್ ಅಕೌಂಟಿಗೆ ಅಜೈಲ್ ಪ್ರೊ ಅನ್ನೋ ಫಾರಂ. ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರು ಯಾರಾದ್ರೂ ಒಬ್ಬರು ಸರ್ಟಿಫೈ ಮಾಡಬೇಕು, ಹಾಗಾಗಿ ಪೂರ್ತಿ ನೀವೇ ಮಾಡ್ತೀನಿ ಅಂದ್ರೆ ಆಗಲ್ಲ. ಊರಲ್ಲಿ ಇದಕ್ಕೆ ಏಳೆಂಟು ಸಾವಿರದಿಂದ ಹದಿನೈದು ಸಾವಿರದ ತನಕ ಕೇಳ್ತಾರೆ.

ಸರ್ಕಾರದ ಖರ್ಚು ಇಷ್ಟು. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದ್ರೆ ಎಷ್ಟು ಮೊತ್ತದ ಷೇರು ಕೊಡಬಹುದೋ ಆ ಮಿತಿ) 15 ಲಕ್ಷದ ತನಕ ಎಂಸಿಎ ನೋಂದಣಿ ಫೀಸು ಸೊನ್ನೆ. ಆದ್ರೆ ಕರ್ನಾಟಕದ ಸ್ಟಾಂಪ್ ಡ್ಯೂಟಿ ಬೇರೆ ಬೀಳುತ್ತೆ, ಬಂಡವಾಳ ಏರಿದಂಗೆ ಅದೂ ಏರುತ್ತೆ, ಫಾರಂ ಹಾಕುವಾಗ ಪೋರ್ಟಲ್ಲೇ ಲೆಕ್ಕ ಹಾಕಿ ಚಲನ್‌ನಲ್ಲಿ ತೋರಿಸುತ್ತೆ. ಕಂಪನಿಯ ಪ್ಯಾನ್, ಟ್ಯಾನ್ (ತೆರಿಗೆ ಹಿಡಿದು ಕಟ್ಟೋರ ನಂಬರ್) ಅರ್ಜಿಯ ಫೀಸು ಎರಡೂ ಸೇರಿ ನೂರು ಚಿಲ್ರೆ. ಆ ಚಲನ್ ಪ್ರತಿ ಕೇಳಿ ತಗೊಳ್ರಿ. "ಗೌರ್ಮೆಂಟ್ ಫೀಸು" ಅಂತ ಒಂದೇ ಸಾಲು ಬರೆದು ಸುತ್ತು ಮೊತ್ತ ಹಾಕೋರ ಹತ್ರ ಚಲನ್ ಕೇಳಿದ್ರೆ ಮುಖದ ಬಣ್ಣ ಬದಲಾಗುತ್ತೆ.

ಕನಿಷ್ಠ ಬಂಡವಾಳ ಅನ್ನೋ ನಿಯಮ 2015ರಲ್ಲೇ ಹೋಗಿದೆ. ಒಂದು ಲಕ್ಷ ಇಲ್ದಿದ್ರೆ ಕಂಪನಿ ಆಗಲ್ಲ ಅನ್ನೋದು ಹಳೇ ಮಾತು. ಹಂಗಂತ ಹತ್ತು ಸಾವಿರ ಇಟ್ರೆ ಬ್ಯಾಂಕಿನೋರು, ಸಪ್ಲೈಯರ್ ನೋಡಿ ನಗ್ತಾರೆ, ಐದು ಕೋಟಿ ಇಟ್ರೆ ಫೀಸು ಸ್ಟಾಂಪು ಎರಡೂ ಏರುತ್ತೆ. ಅಧಿಕೃತ ಬಂಡವಾಳ ಒಂದರಿಂದ ಹತ್ತು ಲಕ್ಷದ ಒಳಗೆ, ನಿಜವಾಗಿ ಹಾಕೋ ಬಂಡವಾಳ ನಿಮ್ಮ ಕೈಲಿ ಎಷ್ಟಿದೆಯೋ ಅಷ್ಟು. ಇಲ್ಲದ ದುಡ್ಡನ್ನ ಬರೀಬೇಡ್ರಿ, ಬರೆದಿದ್ದನ್ನ ಹಂತ 7ರಲ್ಲಿ ಬ್ಯಾಂಕಿಗೆ ಹಾಕಿ ತೋರಿಸ್ಬೇಕು.

ಅಜೈಲ್ ಪ್ರೊ ಫಾರಂನಲ್ಲಿ ಜಿಎಸ್‌ಟಿ ಬೇಕಾ ಅಂತ ಕೇಳುತ್ತೆ. ಮಾಲು ಮಾರೋಕೆ ಇನ್ನೂ ಆರು ತಿಂಗಳಿದ್ರೆ ಬೇಡ ಅನ್ರಿ. ನಂಬರ್ ಬಂದ ದಿನದಿಂದ ರಿಟರ್ನ್ ಹಾಕ್ಬೇಕು, ವ್ಯಾಪಾರ ಸೊನ್ನೆ ಇದ್ರೂ ತಡ ಆದ್ರೆ ದಿನಕ್ಕೆ 20 ರೂಪಾಯಿ, ವ್ಯಾಪಾರ ಇದ್ರೆ ದಿನಕ್ಕೆ 50. ಪಿಎಫ್, ಇಎಸ್‌ಐ ನಂಬರ್ ಬೇಡ ಅಂದ್ರೂ ಬರುತ್ತೆ, ಆದ್ರೆ ಪಿಎಫ್ ಕಟ್ಟೋದು ಸಾಮಾನ್ಯವಾಗಿ 20 ಜನ ಕೆಲಸಗಾರರಾದಾಗ, ಇಎಸ್‌ಐ 10 ಜನ ಆದಾಗ. ಕರ್ನಾಟಕದ ಕಂಪನಿಗೆ ಪ್ರೊಫೆಷನಲ್ ಟ್ಯಾಕ್ಸ್ ನೋಂದಣಿನೂ ಇದ್ರಲ್ಲೇ ಆಗುತ್ತೆ, ಕಂಪನಿ ಲೆಕ್ಕಕ್ಕೆ ವರ್ಷಕ್ಕೆ 2,500 ರೂಪಾಯಿ. ಇದನ್ನ ಮರೆಯೋರೇ ಜಾಸ್ತಿ.

ಬ್ಯಾಂಕನ್ನೂ ಅಲ್ಲೇ ಆರಿಸ್ಬೇಕು. ಪಟ್ಟಿಯಲ್ಲಿರೋ ಬ್ಯಾಂಕಿಂದು ನಿಮ್ಮೂರಲ್ಲಿ ಬ್ರಾಂಚ್ ಐತಾ, ಕರೆಂಟ್ ಅಕೌಂಟಲ್ಲಿ ಕನಿಷ್ಠ ಎಷ್ಟು ದುಡ್ಡು ನಿಂತಿರ್ಬೇಕು, ಇಲ್ಲಾಂದ್ರೆ ಎಷ್ಟು ಹಿಡ್ಕೋತಾರೆ ಅಂತ ಮೊದಲೇ ಕೇಳ್ರಿ. ಮೊಳಕಾಲ್ಮುರು, ಹೊಳಲ್ಕೆರೆ, ಜಗಳೂರು ಕಡೆಯೋರು ಇದನ್ನ ನೋಡ್ದೆ ಬ್ಯಾಂಕ್ ಆರಿಸಿ, ಆಮೇಲೆ ಒಂದೊಂದು ಸೈನಿಗೂ ಚಿತ್ರದುರ್ಗಕ್ಕೋ ದಾವಣಗೆರೆಗೋ ಬಸ್ ಹತ್ತೋದು ನೋಡೀನಿ.

ಇಮೇಲ್, ಮೊಬೈಲ್ ನಿಮ್ಮದೇ ಇರ್ಲಿ, ಹೊಸ ಸಿಮ್ ಅಂದ್ನಲ್ಲ, ಅದು. ಕನ್ಸಲ್ಟೆಂಟ್ ತನ್ನ ಇಮೇಲ್ ಹಾಕಿದ್ರೆ ನೋಟಿಸ್ ಎಲ್ಲಾ ಅವನಿಗೆ ಹೋಗುತ್ತೆ, ಮುಂದೆ ಜಗಳ ಆದ್ರೆ ಓಟಿಪಿಗೂ ಅವನ ಕಾಲು ಹಿಡೀಬೇಕು. ಕಂಪನಿ ಆದ ವಾರದಲ್ಲೇ ಟ್ರೇಡ್‌ಮಾರ್ಕ್ ಮಾಡ್ಸಿ, ಐಎಸ್‌ಒ ಮಾಡ್ಸಿ, "ಕಡ್ಡಾಯ ಡೈರೆಕ್ಟರಿ ಫೀಸು" ಕಟ್ಟಿ ಅಂತ ಫೋನು ಮೆಸೇಜು ಸುರಿಯುತ್ತೆ. ಸರ್ಕಾರದ ಮುದ್ರೆ ಥರ ಇರೋ ಬಿಲ್ ಬಂದ್ರೂ ಪೋರ್ಟಲ್‌ಗೆ ಲಾಗಿನ್ ಆಗಿ ನೋಡದೆ ಒಂದು ಪೈಸೆ ಕಟ್ಬೇಡ್ರಿ.

## ಹಂತ 6: ಮೊದಲ ಮೂವತ್ತು ದಿನ

ಸರ್ಟಿಫಿಕೇಟ್ ಬಂತು, ವಾಟ್ಸಾಪ್ ಸ್ಟೇಟಸ್ ಹಾಕಿದ್ರಿ, ಬೆಣ್ಣೆ ದೋಸೆ ಪಾರ್ಟಿನೂ ಆಯ್ತು. ಗಡಿಯಾರ ಶುರುವಾಗಿದ್ದು ಆವತ್ತೇ.

ಮೂವತ್ತು ದಿನದಲ್ಲಿ ಮೊದಲ ಬೋರ್ಡ್ ಮೀಟಿಂಗ್ ಮಾಡಿ ಮಿನಿಟ್ಸ್ (ಸಭೆಯ ನಡಾವಳಿ) ಬರೀಬೇಕು, ಅದೇ ಮೂವತ್ತು ದಿನದಲ್ಲಿ ಮೊದಲ ಆಡಿಟರ್ ನೇಮಕ ಆಗ್ಬೇಕು. ಆಡಿಟರ್ ಫೀಸು ಮಾತಾಡೋದು ಇವತ್ತೇ, ಬಾಯಿ ಮಾತಲ್ಲಿ ಬೇಡ, ಕಾಗದದಲ್ಲಿ. ಎರಡು ತಿಂಗಳೊಳಗೆ ಷೇರು ಸರ್ಟಿಫಿಕೇಟ್ ಕೊಟ್ಟು ಸ್ಟಾಂಪ್ ಡ್ಯೂಟಿ ಕಟ್ಬೇಕು, ಸಣ್ಣ ಕಂಪನಿಗೆ ಅದು ಚಿಲ್ಲರೆ ದುಡ್ಡು.

ಆಫೀಸ್ ಹೊರಗೆ ಬೋರ್ಡ್ ಬೇಕು, ಹೆಸರು ವಿಳಾಸ ಕನ್ನಡದಲ್ಲೂ ಇರಬೇಕು. ಲೆಟರ್‌ಹೆಡ್, ಬಿಲ್ ಮೇಲೆ ಸಿಐಎನ್ ನಂಬರ್ (ಕಂಪನಿಯ ಗುರುತಿನ ನಂಬರ್), ಫೋನು, ಇಮೇಲ್. ಸಣ್ಣ ವಿಷ್ಯ ಅನ್ಸುತ್ತೆ, ತಪ್ಪಿದ್ರೆ ದಿನಕ್ಕೆ 1,000ದಂತೆ ಒಂದು ಲಕ್ಷದ ತನಕ ದಂಡ ಹಾಕೋಕೆ ಕಂಪನಿ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಅವಕಾಶ ಐತೆ. ಫ್ಲೆಕ್ಸ್ ಬೋರ್ಡಿಗೆ ಎಷ್ಟಾದೀತು?

## ಹಂತ 7: 180 ದಿನದ ಗಡುವು, ನಾವು ಬಿದ್ದ ಹಳ್ಳ

ಫಾರಂ ಹೆಸರು ಐಎನ್‌ಸಿ-20ಎ. ಕಂಪನಿ ಹುಟ್ಟಿದ 180 ದಿನದೊಳಗೆ, ಷೇರುದಾರರು ಒಪ್ಪಿದ ಬಂಡವಾಳ ಎಲ್ಲಾ ಬ್ಯಾಂಕಿಗೆ ಬಂದಿದೆ ಅಂತ ಸ್ಟೇಟ್‌ಮೆಂಟ್ ಸಮೇತ ಹೇಳೋದು. ಇದು ಆಗೋ ತನಕ ಕಂಪನಿ ವ್ಯಾಪಾರ ಶುರು ಮಾಡೋಹಂಗಿಲ್ಲ, ಸಾಲ ತಗೊಳ್ಳೋಹಂಗಿಲ್ಲ. ಫೀಸು ನೋಡಿದ್ರೆ ಇನ್ನೂರು ಮುನ್ನೂರು ರೂಪಾಯಿ. ತಪ್ಪಿದ್ರೆ ಕಂಪನಿಗೆ 50,000ದ ತನಕ ದಂಡ, ಪ್ರತಿ ಡೈರೆಕ್ಟರಿಗೂ ದಿನಕ್ಕೆ 1,000ದಂತೆ ಒಂದು ಲಕ್ಷದ ತನಕ, ತಡವಾದ ಫೀಸು ಬೇರೆ.

ನಮ್ಮ ಕಥೆ ಹೇಳ್ತೀನಿ. ನಮ್ಮದು ಒಂದು ಲಕ್ಷ ಬಂಡವಾಳ, ಐವತ್ತು ನಂದು ಐವತ್ತು ಭಾವಂದು. ಭಾವ ಏನು ಮಾಡಿದ್ರು, ಚಳ್ಳಕೆರೆಯಲ್ಲಿ ಶೇಂಗಾ ಮಾರಿದ ನಗದು ಕೈಲಿತ್ತು, ಸೀದಾ ಕೌಂಟರಿಗೆ ಹೋಗಿ ಕಂಪನಿ ಅಕೌಂಟಿಗೆ ಒಂದೇ ಸಲ ಲಕ್ಷ ರೂಪಾಯಿ ಕ್ಯಾಶ್ ಕಟ್ಟಿ ಬಂದ್ರು. "ಯಾರ ಕೈಯಿಂದ ಹೋದ್ರೇನು ಮಾರಾಯ, ದುಡ್ಡು ದುಡ್ಡೇ" ಅಂದ್ರು. ಸ್ಟೇಟ್‌ಮೆಂಟಲ್ಲಿ ಬಂದಿದ್ದು "ಕ್ಯಾಶ್ ಡೆಪಾಸಿಟ್" ಅನ್ನೋ ಒಂದೇ ಸಾಲು. ಅದರಲ್ಲಿ ನನ್ನ ಷೇರಿನ ದುಡ್ಡು ಯಾವುದು ಅವರದ್ದು ಯಾವುದು? ಪ್ಯಾಕೇಜ್ ಕೊಟ್ಟ ಕನ್ಸಲ್ಟೆಂಟಿಗೆ ಫೋನ್ ಮಾಡಿದ್ರೆ ಈ ಫಾರಂ ನಮ್ಮ ಪ್ಯಾಕೇಜಲ್ಲಿ ಬರಲ್ಲ ಅಂದ, ಅಲ್ಲಿಯವರೆಗೂ ಇಂಥ ಫಾರಂ ಒಂದು ಐತೆ ಅಂತಾನೂ ಅವನು ಹೇಳಿರ್ಲಿಲ್ಲ. ಆವತ್ತಿಗೆ 171 ದಿನ ಆಗಿತ್ತು. ಬೇರೆ ಸಿಎ ಹಿಡ್ಕೊಂಡು, ಆ ಕ್ಯಾಶನ್ನ ವಾಪಸ್ ತೆಗೆದು, ಇಬ್ಬರೂ ನಮ್ಮ ನಮ್ಮ ಸೇವಿಂಗ್ಸ್ ಅಕೌಂಟಿಂದ ಬೇರೆ ಬೇರೆಯಾಗಿ ಐವತ್ತೈವತ್ತು ಸಾವಿರ ಹಾಕಿ, 178ನೇ ದಿನ ರಾತ್ರಿ ಫೈಲ್ ಮಾಡಿದ್ವಿ. ಆ ರಾತ್ರಿ ಪೋರ್ಟಲ್ ಎರಡು ಸಲ ನಿಂತಿತ್ತು, ಭಾವ ಪಕ್ಕದಲ್ಲಿ ಕೂತ್ಕೊಂಡು ಒಂದು ಮಾತೂ ಆಡ್ಲಿಲ್ಲ.

ಹಾಗಾಗಿ ಬ್ಯಾಂಕ್ ಅಕೌಂಟ್ ಓಪನ್ ಆದ ವಾರದಲ್ಲೇ, ಪ್ರತಿಯೊಬ್ಬ ಷೇರುದಾರನೂ ತನ್ನ ಸ್ವಂತ ಅಕೌಂಟಿಂದ, ತನ್ನ ಪಾಲಿನ ಮೊತ್ತ ಎಷ್ಟೋ ಅಷ್ಟನ್ನೇ ಹಾಕಲಿ, ಹದಿನೈದು ದಿನದಲ್ಲಿ ಫಾರಂ ಹಾಕ್ಬಿಡ್ರಿ. 180 ಅಂತ ಬರೆದಿದ್ದನ್ನ 60 ಅಂತ ಓದ್ಕೊಳ್ರಿ.

## ಹಂತ 8: ತಿಂಗಳ ತಿಂಗಳ ಖರ್ಚು

ಲೆಕ್ಕ ಬರೆಯೋರಿಗೆ ತಿಂಗಳಿಗೆ ಒಂದೂವರೆ ಎರಡು ಸಾವಿರದಿಂದ ಶುರು, ಬಿಲ್ ಜಾಸ್ತಿ ಇದ್ರೆ ಮೇಲಕ್ಕೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಲ್ಲಿ ಯಾವ ಎಂಟ್ರಿ ಯಾವಾಗ ತಿದ್ದಿದ್ರು ಅನ್ನೋ ಜಾಡು ಉಳಿಯೋ ವ್ಯವಸ್ಥೆ ಇರಲೇಬೇಕು, ಅದನ್ನ ಆಫ್ ಮಾಡೋಹಂಗಿಲ್ಲ. ಯಾರದ್ದೋ ಹಳೇ ಟ್ಯಾಲಿ ಕಾಪಿ ಹಾಕ್ಕೊಂಡು ಮಾಡಿದ್ರೆ ಆಡಿಟರ್ ರಿಪೋರ್ಟಲ್ಲೇ ಬರೀತಾರೆ.

ಟಿಡಿಎಸ್ (ಬೇರೆಯೋರಿಗೆ ದುಡ್ಡು ಕೊಡುವಾಗ ಮುರ್ಕೊಳ್ಳೋ ತೆರಿಗೆ) ಹಿಡಿದ್ರೆ ಮುಂದಿನ ತಿಂಗಳು 7ಕ್ಕೆ ಕಟ್ಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್, ರಿಟರ್ನ್ ತಡ ಆದ್ರೆ ದಿನಕ್ಕೆ 200. ಒಬ್ಬರಿಗೆ ಒಂದೇ ದಿನ 10,000 ಮೇಲೆ ನಗದು ಕೊಟ್ರೆ ಆ ಖರ್ಚನ್ನ ಇನ್ಕಮ್ ಟ್ಯಾಕ್ಸಲ್ಲಿ ಒಪ್ಪಲ್ಲ, ರೈತರಿಂದ ನೇರವಾಗಿ ಬೆಳೆ ಕೊಂಡಿದ್ದಕ್ಕೆ ವಿನಾಯ್ತಿ ಐತೆ, ಆದ್ರೆ ದಲ್ಲಾಳಿಗೆ ಕೊಟ್ಟಿದ್ದನ್ನೆಲ್ಲಾ ರೈತರ ಲೆಕ್ಕಕ್ಕೆ ಸೇರಿಸಬೇಡ್ರಿ.

ಇನ್ನೊಂದು, ಇದು ಖರ್ಚಲ್ಲ ಆದ್ರೆ ಖರ್ಚು ತರುತ್ತೆ. ಗೆಳೆಯನ ಹತ್ರ ಕೈಸಾಲ ತಗೊಂಡು ಕಂಪನಿ ಅಕೌಂಟಿಗೆ ಹಾಕಿಸ್ಬೇಡ್ರಿ. ಡೈರೆಕ್ಟರ್ ಸಾಲ ಕೊಡಬಹುದು, ಇದು ನನ್ನ ಸ್ವಂತ ದುಡ್ಡು ಅಂತ ಬರೆದುಕೊಡಬೇಕು. ಹೊರಗಿನ ಗೆಳೆಯಂದು ಕಾಯ್ದೆ ಕಣ್ಣಲ್ಲಿ ಡೆಪಾಸಿಟ್ ಆಗುತ್ತೆ, ಅದರ ತಲೆನೋವೇ ಬೇರೆ. ಅವನು ನಿಮಗೆ ಕೊಡಲಿ, ನೀವು ಕಂಪನಿಗೆ ಹಾಕ್ತೀನಿ ಅಂದ್ರೂ ನಡೆಯಲ್ಲ, ಸಾಲದ ದುಡ್ಡಲ್ಲ ಅಂತ ನೀವೇ ಸೈನ್ ಹಾಕಿರ್ತೀರಿ. ಹಂಗೇ ಕಂಪನಿ ಕಾರ್ಡಲ್ಲಿ ಮನೆ ರೇಷನ್ನು, ಮಗನ ಸ್ಕೂಲ್ ಫೀಸು ಕಟ್ಟೋದು ನಿಲ್ಲಿಸ್ರಿ, ವರ್ಷದ ಕೊನೆಗೆ ಅದನ್ನ ಬಿಡಿಸೋಕೆ ಲೆಕ್ಕದೋರು ಎಕ್ಸ್‌ಟ್ರಾ ಚಾರ್ಜ್ ಮಾಡ್ತಾರೆ, ಮಾಡ್ಬೇಕು ಕೂಡ.

## ಹಂತ 9: ವರ್ಷದ ಫೈಲಿಂಗ್, ದಿನಕ್ಕೆ ನೂರು ರೂಪಾಯಿ ಲೆಕ್ಕ

ಮಾರ್ಚ್ 31ಕ್ಕೆ ವರ್ಷ ಮುಗೀತು ಅಂದ್ರೆ ಸರಣಿ ಹೀಗೆ. ಆಡಿಟ್ ಮುಗಿಸಿ, ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ. ಮೊದಲನೇ ವರ್ಷಕ್ಕೆ ಮಾತ್ರ ಡಿಸೆಂಬರ್ 31ರ ತನಕ ಟೈಮಿರುತ್ತೆ. ಸಭೆ ಆದ 30 ದಿನದಲ್ಲಿ ಎಒಸಿ-4, ಅಂದ್ರೆ ಲೆಕ್ಕಪತ್ರ. 60 ದಿನದಲ್ಲಿ ಎಂಜಿಟಿ-7ಎ, ಅಂದ್ರೆ ವಾರ್ಷಿಕ ರಿಟರ್ನ್. ಆಡಿಟರ್ ನೇಮಕದ ಎಡಿಟಿ-1 ಸಭೆ ಆದ 15 ದಿನದಲ್ಲಿ. ಸಾಲ ತಗೊಂಡಿದ್ರೆ ಡಿಪಿಟಿ-3 ಜೂನ್ 30ಕ್ಕೆ. ಇನ್ಕಮ್ ಟ್ಯಾಕ್ಸ್ ರಿಟರ್ನ್ ಐಟಿಆರ್-6 ಸಾಮಾನ್ಯವಾಗಿ ಅಕ್ಟೋಬರ್ 31ಕ್ಕೆ, ಆದಾಯ ಸೊನ್ನೆ ಇದ್ರೂ ಹಾಕಲೇಬೇಕು. ಡೈರೆಕ್ಟರ್‌ಗಳ ಕೆವೈಸಿ ಗಡುವಿನ ನಿಯಮ ಬದಲಾಗ್ತಾ ಇರುತ್ತೆ, ಪೋರ್ಟಲ್ಲಲ್ಲಿ ನೋಡ್ಕೊಳ್ರಿ, ಟೈಮಿಗೆ ಮಾಡಿದ್ರೆ ಫ್ರೀ, ಮರೆತ್ರೆ ತಲೆಗೆ 5,000.

ಎಂಸಿಎ ಫೀಸು ನೋಡಿದ್ರೆ ನಗು ಬರುತ್ತೆ. ಬಂಡವಾಳ ಒಂದು ಲಕ್ಷದಿಂದ ಐದು ಲಕ್ಷದೊಳಗಿದ್ರೆ ಫಾರಂಗೆ 300, ಐದರಿಂದ 25 ಲಕ್ಷದೊಳಗೆ 400. ಆದ್ರೆ ಎಒಸಿ-4, ಎಂಜಿಟಿ-7ಎ ಎರಡಕ್ಕೂ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ, ಒಂದೊಂದು ಫಾರಂಗೂ ಬೇರೆ ಬೇರೆ, ಇಷ್ಟಕ್ಕೆ ನಿಲ್ಲುತ್ತೆ ಅನ್ನೋ ಮಿತಿನೇ ಇಲ್ಲ. ಒಂದು ವರ್ಷ ಮರೆತ್ರೆ ಒಂದು ಫಾರಂಗೆ 36,500, ಎರಡಕ್ಕೆ 73,000. ಎರಡನೇ ವರ್ಷದ್ದೂ ಬಾಕಿ ಇದ್ರೆ ಮೊದಲ ವರ್ಷದ ಮೀಟರ್ ಓಡ್ತಾನೇ ಇರುತ್ತೆ, ಮೇಲೆ ಹೊಸ ಮೀಟರ್. ಮೊದಲಲ್ಲಿ ಹೇಳಿದ "ಲಕ್ಷದ ಮೇಲೆ ಕಟ್ಬೇಕು ಅಂತಾರೆ" ಅನ್ನೋರ ಲೆಕ್ಕ ಇದೇ. ಮೂರು ವರ್ಷ ಸತತ ಹಾಕದಿದ್ರೆ ಡೈರೆಕ್ಟರ್ ಐದು ವರ್ಷ ಅನರ್ಹ, ಬೇರೆ ಕಂಪನಿಲೂ ಡೈರೆಕ್ಟರ್ ಆಗೋಹಂಗಿಲ್ಲ.

ಉಳಿತಾಯದ ದಾರಿ ಒಂದೈತೆ. ಜನವರಿ 1 ಆದ್ಮೇಲೆ ಹುಟ್ಟಿದ ಕಂಪನಿಗೆ ಮೊದಲ ಲೆಕ್ಕದ ವರ್ಷವನ್ನ ಮುಂದಿನ ವರ್ಷದ ಮಾರ್ಚ್ 31ರ ತನಕ ಎಳೆಯೋಕೆ ಅವಕಾಶ ಐತೆ. ನವೆಂಬರ್ ಡಿಸೆಂಬರಲ್ಲಿ ಅವಸರ ಇಲ್ಲದೋರು ಜನವರಿ ತನಕ ಕಾದ್ರೆ ಎಂಸಿಎಯ ಒಂದು ಸುತ್ತಿನ ಫೈಲಿಂಗ್ ಉಳಿಯುತ್ತೆ. ಇನ್ಕಮ್ ಟ್ಯಾಕ್ಸಿಗೆ ಈ ಆಟ ನಡೆಯಲ್ಲ, ಅಲ್ಲಿ ಮಾರ್ಚ್ 31 ಅಂದ್ರೆ ಮಾರ್ಚ್ 31.

ಈಗ ಬಜೆಟ್ ಬರೀರಿ. ನಮ್ಮದನ್ನೇ ತೋರಿಸ್ತೀನಿ, ಇಬ್ಬರು ಡೈರೆಕ್ಟರ್, ಸಣ್ಣ ವ್ಯಾಪಾರ. ಲೆಕ್ಕ ಬರೆಯೋಕೆ ತಿಂಗಳಿಗೆ 2,000, ವರ್ಷಕ್ಕೆ 24,000. ಆಡಿಟು, ಟ್ಯಾಕ್ಸ್ ರಿಟರ್ನ್ ಸೇರಿ 20,000. ಎಂಸಿಎ ಫಾರಂಗಳಿಗೆ ಸಿಎಸ್ ತಗೊಳ್ಳೋದು 8,000, ಫಾರಂ ಫೀಸು ಸುಮಾರು 1,000, ಪ್ರೊಫೆಷನಲ್ ಟ್ಯಾಕ್ಸ್ 2,500, ಡಿಜಿಟಲ್ ಸಿಗ್ನೇಚರ್ ಖರ್ಚನ್ನ ಎರಡು ವರ್ಷಕ್ಕೆ ಹಂಚಿದ್ರೆ 2,000. ಒಟ್ಟು 57,500. ತಿಂಗಳಿಗೆ ಹತ್ತಿರ ಹತ್ತಿರ 4,800. ಒಂದು ಲೀಟರ್ ಎಣ್ಣೆ ಮಾರೋಕೆ ಮುಂಚೆನೇ ಇಷ್ಟು. ನಿಮ್ಮೂರಲ್ಲಿ ರೇಟು ಹೆಚ್ಚು ಕಮ್ಮಿ ಇರಬಹುದು, ಆದ್ರೆ ಸಾಲುಗಳು ಇವೇ. ಮೊದಲ ಹದಿನೆಂಟು ತಿಂಗಳದ್ದನ್ನ ಬೇರೆ ತೆಗೆದಿಡೋಕೆ ಆಗದಿದ್ರೆ ಹಂತ 1ಕ್ಕೆ ವಾಪಸ್ ಹೋಗ್ರಿ.

ಎಚ್ಚರಿಕೆ ಗಂಟೆ ಯಾವುದು ಅಂದ್ರೆ: ಆಗಸ್ಟ್ ಬಂದ್ರೂ ಆಡಿಟರ್ ಕಡೆಯಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ ಫೋನಿಲ್ಲ. ಫೈಲ್ ಆಯ್ತು ಅಂತಾರೆ, ಎಸ್‌ಆರ್‌ಎನ್ ನಂಬರ್ (ಹಾಕಿದ ಅರ್ಜಿಯ ನಂಬರ್) ಇರೋ ಚಲನ್ ಕೊಡಲ್ಲ. ಪೋರ್ಟಲಲ್ಲಿ ನಿಮ್ಮ ಕಂಪನಿ ಮಾಸ್ಟರ್ ಡೇಟಾ ತೆಗೆದ್ರೆ ಕೊನೇ ಬ್ಯಾಲೆನ್ಸ್ ಶೀಟ್ ತಾರೀಖು ಎರಡು ವರ್ಷ ಹಳೇದು. ಈ ಮಾಸ್ಟರ್ ಡೇಟಾ ನೋಡೋಕೆ ದುಡ್ಡಿಲ್ಲ, ಐದು ನಿಮಿಷದ ಕೆಲಸ, ಪ್ರತಿ ಡಿಸೆಂಬರಲ್ಲಿ ನೀವೇ ನೋಡ್ರಿ.

## ಹಂತ 10: ನಡೆಯಲ್ಲ ಅನ್ಸಿದ್ರೆ ಮುಚ್ಚೋದು

ಬೀಗ ಹಾಕಿ ಬಿಟ್ರೆ ಕಂಪನಿ ಮುಚ್ಚಿದಂಗೆ ಅಲ್ಲ, ದಿನಕ್ಕೆ ನೂರರ ಮೀಟರ್ ಒಳಗೆ ಓಡ್ತಾನೇ ಇರುತ್ತೆ. ಎಸ್‌ಟಿಕೆ-2 ಅನ್ನೋ ಫಾರಂ ಹಾಕಿ ಹೆಸರು ತೆಗೆಸ್ಬೇಕು, ಸರ್ಕಾರದ ಫೀಸು 10,000, ಅದಕ್ಕೂ ಮುಂಚೆ ಬಾಕಿ ಇರೋ ಫೈಲಿಂಗ್ ಮುಗಿಸಿ, ಸಾಲ ತೀರಿಸಿ, ಜಿಎಸ್‌ಟಿ ರದ್ದು ಮಾಡ್ಸಿ, ಬ್ಯಾಂಕ್ ಅಕೌಂಟ್ ಮುಚ್ಚಿರ್ಬೇಕು. ಸಿಎ ಸರ್ಟಿಫೈ ಮಾಡಿದ ಲೆಕ್ಕ, ಡೈರೆಕ್ಟರ್‌ಗಳ ಅಫಿಡವಿಟ್ಟು, ನಷ್ಟ ಭರ್ತಿಯ ಬಾಂಡು ಎಲ್ಲಾ ಸೇರಿ ಕೈಯಿಂದ ಇನ್ನೊಂದಿಷ್ಟು ಹೋಗುತ್ತೆ.

ಮಾಡೋದಾದ್ರೆ ಎರಡನೇ ವರ್ಷದ ಫೈಲಿಂಗ್ ಗಡುವು ಬರೋಕೆ ಮುಂಚೆ ಮಾಡ್ರಿ. ಮತ್ತೆ ಬ್ಯಾಂಕ್ ಅಕೌಂಟನ್ನ ಕೊನೆಗೆ ಮುಚ್ರಿ, ಮೊದಲೇ ಮುಚ್ಚಿದ್ರೆ ಜಿಎಸ್‌ಟಿ ರಿಫಂಡು, ಟಿಡಿಎಸ್ ರಿಫಂಡು ಬರೋಕೆ ಜಾಗ ಇರಲ್ಲ.